ಎರಡೂ ಕೈ ಕೂಡಿದರೆ ನಿಷ್ಠೆ



2025ರ ಶ್ರಾವಣದ ಒಂದು ಸಂಜೆ. ಧಾರವಾಡದ ನಮ್ಮ ಮನೆಗೆ ಹುಬ್ಬಳ್ಳಿಯಿಂದ ಹಳೆಯ ಗೆಳೆಯರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ಅಲ್ಲಿಂದಲೇ ನಿವೃತ್ತರಾದವರು. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕುಶಲ ಪ್ರಶ್ನೆ ಮುಗಿಯುವ ಮೊದಲೇ ಗೆಳೆಯರು ಮನದ ಭಾರವನ್ನು ಇಳಿಸಿದರು.

“ಶಾಸ್ತ್ರಿಗಳ, ಈತಗ ನೀವರ ನಾಕ ಬುದ್ಧಿಮಾತ ಹೇಳ್ರಿ. ನಾ ಒಂದ ಕಾರ್ಖಾನ್ಯಾಗ ಮೂವತ್ನಾಕ ವರ್ಷ ದುಡದೆ. ಈತ ನಾಕ ವರ್ಷದಾಗ ಮೂರ ಕಂಪನಿ ಬಿಟ್ಟಾನ. ನಿಷ್ಠೆ ಅನ್ನೂದ ಬ್ಯಾಡೇನ್ರಿ ಮನಷ್ಯಾಗ?”

ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಆತ ತೊಟ್ಟಿದ್ದ ನೀಲಿ ಅಂಗಿಯ ಬೆನ್ನ ಮೇಲೆ ಛೆಟ್ರಿ ಎಂಬ ಹೆಸರೂ ಹನ್ನೊಂದು ಎಂಬ ಅಂಕಿಯೂ ಇದ್ದವು. ಅದಾರ ಹೆಸರೆಂದು ನಾವು ಕೇಳಿದೆವು. ಆತನ ಮುಖ ಕೊಂಚ ಅರಳಿತು.

“ಕಾಕಾ, ಇವರು ಬೆಂಗಳೂರು ತಂಡದ ಫುಟ್‌ಬಾಲ್ ಆಟಗಾರ್ರೀ. ಹನ್ನೆರಡ ವರ್ಷ ಆತು, ಇದ ತಂಡದಾಗ ಅದಾರ. ನಿಷ್ಠೆ ಅಂದ್ರ ಇವರದು ಅಂತ ಎಲ್ಲಾರೂ ಹೊಗಳತಾರ. ಆದ್ರ ಬೆಂಗಳೂರಿಗೆ ಬರೂಕಿಂತ ಮೊದಲ ಇವರೂ ಎಂಟ ತಂಡ ಬದಲಿ ಮಾಡ್ಯಾರ್ರಿ. ಅವಾಗ ಇವರಿಗೆ ನಿಷ್ಠೆ ಇರಲಿಲ್ಲೇನ್ರಿ?”

ಉಪದೇಶ ಮಾಡಲು ಕುಳಿತಿದ್ದ ನಮಗೆ ಉತ್ತರ ಹೊಳೆಯಲಿಲ್ಲ. ಚೆಂಡಾಟದಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ಪ್ರಶ್ನೆ ಚೆಂಡಾಟದ್ದಾಗಿರಲಿಲ್ಲ, ಬದುಕಿನದಾಗಿತ್ತು. ಆದ್ದರಿಂದ ಮುಂದಿನ ಕೆಲವು ವಾರ ಈ ಆಟಗಾರನ ವೃತ್ತಾಂತವನ್ನು ಶ್ರದ್ಧೆಯಿಂದ ಓದಿದೆವು. ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಸುನಿಲ್ ಛೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಭೂಸೇನೆಯಲ್ಲಿದ್ದವರು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡದಿಂದ ಅವರ ವೃತ್ತಿಜೀವನ ಆರಂಭವಾಯಿತು. ಅಲ್ಲಿಂದ ಪಂಜಾಬಿನ ಜೆ.ಸಿ.ಟಿ., ಮರಳಿ ಕೋಲ್ಕತ್ತದ ಈಸ್ಟ್ ಬೆಂಗಾಲ್, ಗೋವೆಯ ಡೆಂಪೊ, ಅಮೆರಿಕದ ಕ್ಯಾನ್ಸಸ್ ಸಿಟಿ, ಬಂಗಾಳದ ಚಿರಾಗ್ ಯುನೈಟೆಡ್, ಮತ್ತೊಮ್ಮೆ ಮೋಹನ್ ಬಾಗಾನ್, ಪೋರ್ಚುಗಲ್ ದೇಶದ ಸ್ಪೋರ್ಟಿಂಗ್ ಸಂಸ್ಥೆಯ ಎರಡನೆಯ ತಂಡ, ಕೊನೆಗೆ ಗೋವೆಯ ಚರ್ಚಿಲ್ ಬ್ರದರ್ಸ್. ಹುಡುಗ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಹನ್ನೊಂದು ವರ್ಷಗಳಲ್ಲಿ ಎಂಟು ತಂಡಗಳು!

ಮೇಲ್ನೋಟಕ್ಕೆ ಇದು ಚಂಚಲತೆಯೆಂದು ತೋರೀತು. ಆದರೆ ಆ ಕಾಲದಲ್ಲಿ ನಮ್ಮ ದೇಶದ ಫುಟ್‌ಬಾಲ್ ಸಂಸ್ಥೆಗಳ ಸ್ಥಿತಿ ಹೇಗಿತ್ತೆಂಬುದನ್ನೂ ನೋಡಬೇಕು. ಜವಳಿ ಗಿರಣಿಯ ಆಸರೆಯಲ್ಲಿ ಬೆಳೆದು, ದೇಶಕ್ಕೆ ಎಷ್ಟೋ ಆಟಗಾರರನ್ನು ಕೊಟ್ಟ ಜೆ.ಸಿ.ಟಿ. ತಂಡ 2011ರಲ್ಲಿ ಬಾಗಿಲು ಮುಚ್ಚಿತು. ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಮುಂಬಯಿಯ ಮಹೀಂದ್ರಾ ಯುನೈಟೆಡ್ ತಂಡ ವಿಸರ್ಜನೆಯಾಯಿತು. ಒಡೆಯರಿಗೆ ಬೇಡವೆನಿಸಿದ ದಿನ ತಂಡ ಇಲ್ಲವಾಗುತ್ತಿತ್ತು. ಅಂಥಲ್ಲಿ ಆಟಗಾರ ಯಾವ ಕಂಬಕ್ಕೆ ಒರಗಿ ನಿಲ್ಲಬೇಕು? ಮನೆಯೇ ಬಿದ್ದುಹೋಗುವಲ್ಲಿ ಮನೆ ಬಿಟ್ಟವನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ಹೇಳಬೇಕು. ಛೆಟ್ರಿಯವರು ಮೊದಲ ಸಲ ಮೋಹನ್ ಬಾಗಾನ್ ಸೇರಿದಾಗ ಅಲ್ಲಿ ತರಬೇತುದಾರರಾಗಿದ್ದವರು ಸುಬ್ರತ ಭಟ್ಟಾಚಾರ್ಯ. 1974ರಲ್ಲಿ ಆ ತಂಡವನ್ನು ಸೇರಿದ ಅವರು, ತಮ್ಮ ಆಟದ ದಿನಗಳು ಮುಗಿಯುವವರೆಗೆ ಸುಮಾರು ಹದಿನೇಳು ವರ್ಷ ಅಲ್ಲಿಯೇ ಆಡಿದರು. ಏಕನಿಷ್ಠ ಆಟಗಾರನೆಂದರೆ ಬಂಗಾಳದ ಜನ ಇಂದಿಗೂ ಅವರತ್ತ ಬೆರಳು ತೋರುತ್ತಾರೆ. 2017ರಲ್ಲಿ ಛೆಟ್ರಿಯವರು ಅವರ ಮಗಳ ಕೈಹಿಡಿದರು. ಮಾವ ಒಂದೇ ಅಂಗಳದಲ್ಲಿ ಹದಿನೇಳು ವರ್ಷ ನಿಂತವರು. ಅಳಿಯ ಹನ್ನೊಂದು ವರ್ಷದಲ್ಲಿ ಎಂಟು ಅಂಗಳ ತುಳಿದವರು. ಒಂದೇ ಆಟ, ಒಂದೇ ಮನೆತನ. ಆದರೂ ಇಬ್ಬರ ದಾರಿ ಎಷ್ಟು ಬೇರೆ!

ಈ ಭೇದಕ್ಕೆ ಕಾರಣ ಕೇವಲ ಸ್ವಭಾವವೆಂದು ನಮಗೆ ತೋರುವುದಿಲ್ಲ. ಮೋಹನ್ ಬಾಗಾನ್ 1889ರಲ್ಲಿ ಸ್ಥಾಪನೆಯಾದ ಸಂಸ್ಥೆ. ಮಾವನವರು ಅಲ್ಲಿಗೆ ಬರುವಾಗ ಅದಕ್ಕೆ ಎಂಬತ್ತೈದು ವರ್ಷ. ಇಂಥ ಹಳೆಯ ಆಲಕ್ಕೆ ಆತುಕೊಂಡು ನಿಲ್ಲುವುದು ಸುಲಭ. ನಮ್ಮ ಕರ್ನಾಟಕದಲ್ಲಿಯೂ ಒಂದು ಕಾಲಕ್ಕೆ ಇಂಥ ಆಸರೆ ಇತ್ತು. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಸರಕಾರಿ ಕಾರ್ಖಾನೆಗಳು ಫುಟ್‌ಬಾಲ್ ತಂಡಗಳನ್ನು ಸಾಕಿದ್ದವು. ಆಟಗಾರನಿಗೆ ಅಲ್ಲಿಯೇ ನೌಕರಿ, ಅಲ್ಲಿಯೇ ಆಟ. ಕಾಲು ಸೋತ ಮೇಲೂ ಸಂಬಳ ತಪ್ಪುತ್ತಿರಲಿಲ್ಲ. ಆ ದಿನಗಳಲ್ಲಿ ನಮ್ಮ ರಾಜ್ಯದ ತಂಡ 1967-68ರಲ್ಲಿಯೂ 1968-69ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಆ ಬಳಿಕ ಆ ಟ್ರೋಫಿ ಮತ್ತೆ ನಮ್ಮ ಕೈಸೇರಲು 2023ರ ಮಾರ್ಚ್ ತಿಂಗಳವರೆಗೆ ಕಾಯಬೇಕಾಯಿತು. ಆಸರೆ ಸಡಿಲಿದರೆ ಬಳ್ಳಿ ಎಲ್ಲಿಯವರೆಗೆ ಹಬ್ಬೀತು?

2013ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹದವರು ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡವನ್ನು ಕಟ್ಟಿದರು. ಛೆಟ್ರಿ ಅದರ ನಾಯಕರಾಗಿ ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂಬತ್ತರ ಆಸುಪಾಸು. ಹೊಸ ತಂಡ ತನ್ನ ಮೊದಲ ವರ್ಷದಲ್ಲಿಯೇ, 2014ರ ಏಪ್ರಿಲ್‌ನಲ್ಲಿ, ದೇಶದ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2016ರಲ್ಲಿ ಎರಡನೆಯ ಬಾರಿ ಅದೇ ಪ್ರಶಸ್ತಿ. ಅದೇ ವರ್ಷ ಎ.ಎಫ್.ಸಿ. ಕಪ್‌ನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವೆಂಬ ಕೀರ್ತಿ. 2019ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯೂರಾಂಡ್ ಕಪ್. ಈ ತಂಡದ ಪರವಾಗಿ ಅತ್ಯಂತ ಹೆಚ್ಚು ಗೋಲು ಹೊಡೆದವರು ಛೆಟ್ರಿಯವರೇ.

ನಡುವೆ 2015 ಮತ್ತು 2016ರಲ್ಲಿ ಕೆಲವು ತಿಂಗಳು ಅವರು ಮುಂಬಯಿ ತಂಡಕ್ಕೆ ಆಡಿದ್ದುಂಟು. ಆಗ ದೇಶದಲ್ಲಿ ಎರಡು ಲೀಗ್‌ಗಳಿದ್ದವು. ಬೆಂಗಳೂರು ತಂಡ ಒಂದರಲ್ಲಿ ಮಾತ್ರ ಇತ್ತು. ಅದು ನಡೆಯದ ಕಾಲದಲ್ಲಿ ತಂಡವೇ ತನ್ನ ಆಟಗಾರರನ್ನು ಎರವಲು ಕೊಡುತ್ತಿತ್ತು. ಬಿತ್ತನೆಯಿಲ್ಲದ ದಿನಗಳಲ್ಲಿ ನೆರೆಹೊಲಕ್ಕೆ ಎತ್ತು ಕೊಟ್ಟಂತೆ. ಕೆಲಸ ಮುಗಿದೊಡನೆ ಎತ್ತು ತನ್ನ ಕೊಟ್ಟಿಗೆಗೆ ಮರಳಿತು.

ಎಂಟು ಕಡೆ ನಿಲ್ಲದ ವ್ಯಕ್ತಿ ಒಂಬತ್ತನೆಯ ಕಡೆ ಹೇಗೆ ನಿಂತರು? ಆ ತಂಡ ನಿಲ್ಲಲು ತಕ್ಕ ನೆಲವನ್ನು ಕೊಟ್ಟಿತೆಂಬುದೇ ನಮಗೆ ದೊರೆತ ಉತ್ತರ. ತರಬೇತಿ, ವೈದ್ಯೋಪಚಾರ, ಆಹಾರ ಎಲ್ಲದರಲ್ಲಿಯೂ ಒಂದು ಶಿಸ್ತು ಅಲ್ಲಿ ಮೊದಲ ದಿನದಿಂದ ಇತ್ತು. ಇತ್ತ ಆಟಗಾರನೂ ಸುಮ್ಮನೆ ಕೂಡಲಿಲ್ಲ. ನಿಷ್ಠೆಯೆಂದರೆ ಒಂದೆಡೆ ಹೆಸರು ಬರೆಯಿಸಿ ಕುಳಿತಿರುವುದೆಂದು ನಮ್ಮಲ್ಲಿ ಅನೇಕರ ಭಾವನೆ. ವರ್ಷಗಳು ಉರುಳಿದಂತೆ ಛೆಟ್ರಿಯವರು ಕೆಲವು ಪಂದ್ಯಗಳಲ್ಲಿ ಅಂಕಣದ ಹೊರಗಿನ ಆಸನದಲ್ಲಿ ಕಾಯಬೇಕಾಯಿತು. ತಾವೇ ಕಟ್ಟಿದ ತಂಡದಲ್ಲಿ ತಮ್ಮ ಅರ್ಧ ವಯಸ್ಸಿನ ಹುಡುಗರು ಆಡುವುದನ್ನು ನೋಡುತ್ತ ಕುಳಿತು, ಕರೆ ಬಂದಾಗ ಎದ್ದು ಕಣಕ್ಕಿಳಿದರು. 2024ರ ಡಿಸೆಂಬರ್ 7ರಂದು, ನಾಲ್ವತ್ತು ವರ್ಷ ತುಂಬಿದ ಮೇಲೆ, ಕೇರಳದ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಆ 2024-25ರ ಋತುವಿನಲ್ಲಿ ಒಟ್ಟು 14 ಗೋಲು. ಆ ಲೀಗಿನಲ್ಲಿ ಅಷ್ಟು ಗೋಲು ಹೊಡೆದ ಭಾರತೀಯ ಆಟಗಾರ ಬೇರೊಬ್ಬನಿರಲಿಲ್ಲ. ಪ್ರತಿದಿನ ಹೊಸದಾಗಿ ದುಡಿದು ತನ್ನ ಸ್ಥಾನವನ್ನು ಗಳಿಸಿಕೊಳ್ಳುವುದು, ಇದಕ್ಕೆ ತಾನೆ ನಮ್ಮ ಹಿರಿಯರು ಕಾಯಕವೆಂದದ್ದು!

ದೂರದ ಇಟಲಿ ದೇಶದಲ್ಲಿ ಪಾವ್ಲೊ ಮಾಲ್ದೀನಿ ಎಂಬ ಆಟಗಾರನಿದ್ದ. 1985ರ ಜನವರಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮಿಲಾನ್ ತಂಡದ ಪರ ಮೊದಲ ಪಂದ್ಯವಾಡಿ, 2009ರಲ್ಲಿ ನಿವೃತ್ತನಾಗುವವರೆಗೆ ಅದೊಂದೇ ತಂಡಕ್ಕೆ 902 ಪಂದ್ಯಗಳನ್ನು ಆಡಿದ. ಆತನ ತಂದೆಯೂ ಅದೇ ತಂಡದ ನಾಯಕನಾಗಿದ್ದವನು. ಇಂಥವನು ತನ್ನೂರ ಅಂಗಳದಲ್ಲಿ ಕೊನೆಯ ಪಂದ್ಯವಾಡಿದ ದಿನ, ತಂಡದ ಅಭಿಮಾನಿಗಳಲ್ಲಿಯೇ ಒಂದು ಗುಂಪು ಆತನನ್ನು ಹಂಗಿಸುವ ಬರಹಗಳನ್ನು ಎತ್ತಿ ಹಿಡಿಯಿತು. ಇಪ್ಪತ್ತೈದು ಋತುಗಳ ಸೇವೆಗೆ ದೊರೆತ ಬೀಳ್ಕೊಡುಗೆಯಲ್ಲಿ ಅದೂ ಒಂದು ಪಾಲು. ನಿಷ್ಠೆಯನ್ನು ಬೇಡುವವರು ಬಹಳ. ಅದನ್ನು ತೀರಿಸುವವರು ಎಷ್ಟು ಜನ?

ಗೆಳೆಯರು ನಮ್ಮ ಮನೆಗೆ ಬಂದ ಅದೇ 2025ರ ಆಗಸ್ಟ್‌ನಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು. ಇಂಡಿಯನ್ ಸೂಪರ್ ಲೀಗ್ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಿತತೆಯಿಂದ, ಬೆಂಗಳೂರು ತಂಡ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿದಿತ್ತು. ಕಿರಿಯರ ತಂಡಗಳನ್ನೂ ಮಕ್ಕಳ ತರಬೇತಿ ಶಾಲೆಗಳನ್ನೂ ಮಾತ್ರ ನಿಲ್ಲಿಸಲಿಲ್ಲ. ತಂಡ ನಿರ್ದಯವೆಂದು ನಾವು ಹೇಳುವುದಿಲ್ಲ. ಮೇಲಿನವರ ವ್ಯವಸ್ಥೆ ತಪ್ಪಿದಾಗ ಕೆಳಗಿನವರು ಏನು ಮಾಡಿಯಾರು? ಆದರೂ ಹನ್ನೆರಡು ವರ್ಷ ನಿಂತವನ ಕಾಲಡಿಯ ನೆಲವೂ ಒಂದು ದಿನ ಅದುರಬಲ್ಲದೆಂಬುದು ಅಂದು ಕಂಡಿತು.

ಆ ಸುದ್ದಿಯನ್ನು ಓದುವಾಗ ನಮ್ಮ ಕಣ್ಣ ಮುಂದೆ ಬೇರೊಂದು ಮುಖ ಬಂದಿತು. ಈ ಲೇಖನವನ್ನು ಬರೆಯಲು ನಿಜವಾದ ಕಾರಣ ಅದೇ.

ಮೂವತ್ತು ವರ್ಷಗಳ ಹಿಂದಿನ ಮಾತು. ನಾವು ಅಧ್ಯಾಪಕರಾಗಿದ್ದ ಶಾಲೆಗೆ ಗಣಿತ ಕಲಿಸಲು ಒಬ್ಬ ತರುಣ ಬಂದಿದ್ದ. ಬಲು ಜಾಣ, ಮಕ್ಕಳಿಗೆ ಅಚ್ಚುಮೆಚ್ಚಿನವನು. ನಾವು ಅನುದಾನದ ಹುದ್ದೆಯಲ್ಲಿದ್ದೆವು, ತಿಂಗಳ ಮೊದಲ ವಾರಕ್ಕೆ ಸಂಬಳ ಕೈಗೆ ಬರುತ್ತಿತ್ತು. ಆತನದು ಆಡಳಿತ ಮಂಡಳಿ ಕೊಡುವ ಸಂಬಳ. ಅದು ಏಳು ತಿಂಗಳಿಂದ ಬಂದಿರಲಿಲ್ಲ. ಆತ ಬೇರೆ ಊರಿನ ಶಾಲೆಗೆ ಹೋಗುತ್ತೇನೆಂದು ಹೇಳಲು ಬಂದಾಗ ನಾವು ಅಧ್ಯಾಪಕರ ಕೋಣೆಯಲ್ಲಿ ಎಲ್ಲರೆದುರು, “ಉಂಡ ಮನೆಯ ಜಂತೆ ಎಣಿಸಬಾರದಪ್ಪಾ” ಎಂದೆವು. ಆತ ಮರುಮಾತಾಡಲಿಲ್ಲ. ನಮಸ್ಕರಿಸಿ ಹೊರಟುಹೋದ. ಆ ಮನೆಯಲ್ಲಿ ಆತ ಏಳು ತಿಂಗಳಿಂದ ಉಂಡೇ ಇರಲಿಲ್ಲವೆಂಬುದು ನಮಗೆ ಅಂದು ತೋಚಲಿಲ್ಲ. ಒಂದೇ ಶಾಲೆಯಲ್ಲಿ ಉಳಿದುದು ನಮ್ಮ ಗುಣವೆಂದು ನಾವು ಬಗೆದಿದ್ದೆವು. ಅದರಲ್ಲಿ ಅರ್ಧ ಪಾಲು ತಪ್ಪದೆ ಬರುತ್ತಿದ್ದ ಸಂಬಳದ ಗುಣವಾಗಿತ್ತು.

ಎರಡೂ ಕೈ ಕೂಡಿದರೆ ಚಪ್ಪಾಳೆ ಎನ್ನುತ್ತಾರೆ. ನಿಷ್ಠೆಯೂ ಹಾಗೆಯೇ. ದುಡಿಯುವವನದು ಒಂದು ಕೈ, ದುಡಿಸಿಕೊಳ್ಳುವವನದು ಇನ್ನೊಂದು. ನಾವು ಹಿರಿಯರು ಒಂದೇ ಕೈಯನ್ನು ನೋಡಿ ತೀರ್ಪು ಕೊಡುತ್ತ ಬಂದೆವು.

ಮಹಾನವಮಿಗೆ ಗೆಳೆಯರು ಮತ್ತೆ ಮಗನೊಡನೆ ಬನ್ನಿ ಕೊಡಲು ಬಂದರು. ನಾವು ಅವರಿಗೆ, “ನಿಮಗೆ ರೈಲ್ವೆ ಮೂವತ್ನಾಕ ವರ್ಷ ತಪ್ಪದಂಗ ಅನ್ನ ಕೊಟ್ಟೈತಿ. ಈತಗ ಅಂಥಾ ಮನಿ ಇನ್ನೂ ಸಿಕ್ಕಿಲ್ಲ. ಹುಡುಕಲಿ ಬಿಡ್ರಿ” ಎಂದೆವು. ಹುಡುಗನ ಮುಖದಲ್ಲಿ ಗೆಲುವು ಕಂಡಿತು. ಆಗ ಆತನಿಗೂ ಒಂದು ಮಾತು ಹೇಳಿದೆವು: “ಛೆಟ್ರಿ ಎಂಟ ತಂಡ ಬಿಟ್ಟಿದ್ದನ್ನ ನೀ ಲೆಕ್ಕ ಹಾಕಿದಿ. ಆ ಎಂಟರಾಗೂ ಅವರು ಮೈಮುರಿದು ಆಡಿದ್ದನ್ನ ಲೆಕ್ಕ ಹಾಕಿದೇನು? ಇರೂತನಕ ಪೂರಾ ಇರಬೇಕು. ಒಳ್ಳೆ ನೆಲ ಸಿಕ್ಕ ದಿನ ಗುರುತು ಹಿಡಿದು ನಿಲ್ಲಬೇಕು.” ಆತ ತಲೆಯಾಡಿಸಿದ. ತಂದೆ ಏನೂ ಹೇಳಲಿಲ್ಲ. ಆದರೆ ಹೋಗುವಾಗ ಮಗನ ಹೆಗಲ ಮೇಲೆ ಅವರ ಕೈ ಇತ್ತು.

ಮನೆಯಲ್ಲಿ ಮಕ್ಕಳು ನೌಕರಿ ಬಿಟ್ಟು ಬಂದರೆ ವಾಚಕರು ಬೈಯುವ ಮೊದಲು, ಅಲ್ಲಿ ನಿನಗೆ ಹೇಗೆ ನಡೆಯಿಸಿಕೊಂಡರೆಂದು ಒಮ್ಮೆ ಕೇಳಬೇಕು. ಅಂಗಡಿ, ಶಾಲೆ, ಸಂಘ-ಸಂಸ್ಥೆಗಳನ್ನು ನಡೆಯಿಸುವ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರು, ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲವೆಂದು ಕೊರಗುವ ಮೊದಲು ಕಳೆದ ತಿಂಗಳ ಸಂಬಳ ಯಾವ ದಿನ ಕೊಟ್ಟೆವೆಂಬುದನ್ನು ನೆನೆಯಬೇಕು.

ಆ ಗಣಿತದ ಅಧ್ಯಾಪಕ ಎಲ್ಲಿದ್ದಾನೆಂಬುದು ನಮಗೆ ತಿಳಿಯದು. ಆತನ ಮನೆಗೂ ಈ ಪತ್ರಿಕೆ ಹೋಗುತ್ತಿದ್ದರೆ, ಅಂದು ಎಲ್ಲರೆದುರು ಆಡಿದ ಮಾತನ್ನು ಇಂದು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ.

ಶರಣು ಶರಣಾರ್ಥಿ.