ಇವತ್ತು ಬೇಡ ಎನ್ನಲು ಒಂದು ಮೈದಾನ

ಟರ್ಬೈನ್ ಎಂಜಿನ್ ಕೂರಿಸಿದ ರಿಮೋಟ್ ಕಂಟ್ರೋಲ್ ಜೆಟ್ ಮಾದರಿಯ ಮೊದಲ ಹಾರಾಟ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅದರ ತಯಾರಿಗೆ ತಿಂಗಳುಗಳು ಬೇಕು. ಆ ತಿಂಗಳುಗಳ ಕೆಲಸವೆಲ್ಲ ಕಡೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇವತ್ತು ಹಾರಿಸಬಹುದೇ? ಈ ಪ್ರಶ್ನೆಗೆ ‘ಇವತ್ತು ಬೇಡ’ ಎಂದು ನಿರಾಳವಾಗಿ ಹೇಳಬಲ್ಲವರ ಕೈಯಲ್ಲಿ ಮಾತ್ರ ಈ ಹವ್ಯಾಸ ಸುರಕ್ಷಿತ. ಹಾಗೆ ಹೇಳುವ ಧೈರ್ಯ ಬರೀ ಸ್ವಭಾವದಿಂದ ಬರುವುದಿಲ್ಲ, ಜಾಗದಿಂದಲೂ ಬರುತ್ತದೆ. ಚೆನ್ನೈ ಯೋಚಿಸಬೇಕಾದದ್ದು ಈ ಜಾಗದ ಬಗ್ಗೆ.

‘ಮಾಡೆಲ್’ ಎಂಬ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕೇಳಿದವರ ಮನಸ್ಸಿಗೆ ಬರುವುದು ಆಟಿಕೆ. ಆದರೆ ಹತ್ತು ಹದಿನೈದು ಕಿಲೋ ತೂಗುವ ಈ ಯಂತ್ರದ ಎಂಜಿನ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹಿಂಬದಿಯಿಂದ ಹೊರಬೀಳುವ ಅನಿಲದ ಶಾಖ 500–600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗಂಟೆಗೆ 200 ಕಿ.ಮೀ. ವೇಗ ಇದಕ್ಕೆ ಸಾಮಾನ್ಯ. ಗಾಳಿಯನ್ನು ಒತ್ತಿ, ಇಂಧನ ಸೇರಿಸಿ ಉರಿಸಿ, ಹಿಂದಕ್ಕೆ ತಳ್ಳುವ ಕ್ರಮ ದೊಡ್ಡ ವಿಮಾನದ್ದೇ. ಸೀಮೆಎಣ್ಣೆ ಅಥವಾ ಜೆಟ್ ಇಂಧನಕ್ಕೆ ಸುಮಾರು ಶೇ. 5ರಷ್ಟು ಟರ್ಬೈನ್ ಆಯಿಲ್ ಬೆರೆಸುತ್ತಾರೆ. ಬೇರಿಂಗುಗಳಿಗೆ ಜಿಡ್ಡು ಸಿಗುವುದು ಅದರಿಂದಲೇ; ಬೆರೆಸುವುದನ್ನು ಮರೆತರೆ ಎಂಜಿನ್ ಹೋಯಿತೆಂದೇ ಲೆಕ್ಕ.

ತಯಾರಿ ಶುರುವಾಗುವುದು ಮನೆಯ ಮೇಜಿನ ಮೇಲೆ. ಮುಖ್ಯ ಟ್ಯಾಂಕ್ ಖಾಲಿ ಇಟ್ಟು ತೂಕದ ಕೇಂದ್ರ ಎಲ್ಲಿದೆ ಎಂದು ನೋಡಬೇಕು. ಮೂತಿ ತುಸು ಭಾರವಾದರೆ ವಿಮಾನ ಮೊಂಡಾಗಿ ಹಾರುತ್ತದೆ, ಆದರೂ ಇಳಿಸಬಹುದು. ಬಾಲ ಭಾರವಾದರೆ ಕೈಮಾತು ಕೇಳುವುದಿಲ್ಲ. ಸ್ಟಿಕ್ಕನ್ನು ಬಲಕ್ಕೆ ತಳ್ಳಿದಾಗ ಬಲರೆಕ್ಕೆಯ ಏಲೆರಾನ್ ಮೇಲೇಳಬೇಕು. ಕೇಳಲು ಮಕ್ಕಳ ಪಾಠದಂತಿದೆ, ಆದರೆ ಸರ್ವೊ ಉಲ್ಟಾ ತಿರುಗುತ್ತಿರುವುದನ್ನು ಗಮನಿಸದೆ ಹಾರಿಸಿದ ವಿಮಾನ ನೆಲಬಿಟ್ಟ ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬರುತ್ತದೆ. ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಮತ್ತೆ ಮತ್ತೆ ಮಡಚಿ ಬಿಚ್ಚಿ ನೋಡಬೇಕು. ಇಂಧನದ ಕೊಳವೆಯಲ್ಲಿ ಗುಳ್ಳೆ ಇರಬಾರದು, ಒಂದು ಗಾಳಿಗುಳ್ಳೆ ಸಾಕು ಉರಿ ಆರಿಹೋಗಲು. ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ, ದೂರ ನಡೆದು, ಎಂಜಿನ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ ಸಿಗ್ನಲ್ ಪರೀಕ್ಷಿಸಬೇಕು. ಸಿಗ್ನಲ್ ಕಡಿದರೆ ಎಂಜಿನ್ ತಾನಾಗಿ ನಿಲ್ಲುತ್ತದೆಯೇ ಎಂಬುದನ್ನು ನೆಲದ ಮೇಲೇ ಖಚಿತಪಡಿಸಿಕೊಳ್ಳಬೇಕು.

ಎಂಜಿನ್ ಹೊತ್ತಿಸುವಾಗ ಬೇರೆಯದೇ ಎಚ್ಚರ. ಚಿಕ್ಕ ವಿದ್ಯುತ್ ಮೋಟಾರು ಅದನ್ನು ತಿರುಗಿಸುತ್ತದೆ, ಇಂಧನ ಹೊತ್ತಿಕೊಳ್ಳುತ್ತದೆ, ಪುಟ್ಟ ಕಂಪ್ಯೂಟರೊಂದು ಸುತ್ತು ಮತ್ತು ಶಾಖ ಎರಡನ್ನೂ ಕಾಯುತ್ತ ವೇಗ ಏರಿಸುತ್ತದೆ. ಹಿಂದಿನ ವಿಫಲ ಯತ್ನದ ಇಂಧನ ಒಳಗೆ ಉಳಿದಿದ್ದರೆ ಬಾಲದಿಂದ ಬೆಂಕಿ ಹೊರಚಾಚುತ್ತದೆ. ಅದಕ್ಕೇ ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಹಿಡಿದ ಇನ್ನೊಬ್ಬರು ಪಕ್ಕದಲ್ಲಿರಬೇಕು. ಥ್ರಾಟಲ್ ತಳ್ಳಿದ ತಕ್ಷಣ ಶಕ್ತಿಯೂ ಬರುವುದಿಲ್ಲ, ಕೆಲವು ಸೆಕೆಂಡು ಹಿಡಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಳಿಯುತ್ತಿರುವ ವಿಮಾನ ಮೂರು ಸೆಕೆಂಡಿನಲ್ಲಿ 65 ಮೀಟರಿಗೂ ಹೆಚ್ಚು ಸಾಗಿರುತ್ತದೆ. ತಪ್ಪು ತಿಳಿದ ಮೇಲೆ ತಿದ್ದಿಕೊಳ್ಳಲು ಇಲ್ಲಿ ಸಮಯವಿರುವುದಿಲ್ಲ.

ಇದರ ಮೇಲೆ ಚೆನ್ನೈ ತನ್ನದೇ ಷರತ್ತುಗಳನ್ನು ಹಾಕುತ್ತದೆ. ಸಮುದ್ರಮಟ್ಟದಲ್ಲಿರುವುದರಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗಿಂತ ಗಾಳಿ ದಟ್ಟ, ಅದು ಲಾಭ. ಆದರೆ ಮೇ ತಿಂಗಳ 38–40 ಡಿಗ್ರಿ ಬಿಸಿಲಿನಲ್ಲಿ ಗಾಳಿ ಹಗುರಾಗಿ, ಎಂಜಿನ್ನಿನ ನೂಕುಬಲ ಕುಗ್ಗಿ, ಓಟ ಉದ್ದವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ನುಗ್ಗಿದರೆ ಬೆಳಿಗ್ಗೆ ಪಡುವಣದಿಂದ ಬೀಸುತ್ತಿದ್ದದ್ದು ಮೂಡಣಕ್ಕೆ ತಿರುಗುತ್ತದೆ. ಏರಲು ಆರಿಸಿದ್ದ ದಿಕ್ಕು ಇಳಿಯುವಾಗ ತಪ್ಪಾಗಿರುತ್ತದೆ. ಉಪ್ಪಿನ ಗಾಳಿ ಕನೆಕ್ಟರುಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ‘ಇವತ್ತು ಬೇಡ’ ಎನ್ನಲು ಈ ಊರಿನಲ್ಲಿ ಕಾರಣಗಳಿಗೆ ಬರವಿಲ್ಲ.

ಕಾಯುವುದು ಹೇಡಿತನವಲ್ಲ ಎಂಬುದಕ್ಕೆ ಬೆಂಗಳೂರಿನ ದೊಡ್ಡ ವಿಮಾನಗಳೇ ಸಾಕ್ಷಿ. ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರುವ ಮೊದಲೇ, 1959ರಲ್ಲಿ, ಅದೇ ಅಳತೆಯ ಮರದ ಗ್ಲೈಡರನ್ನು ಎಚ್‌ಎಎಲ್ ಕಟ್ಟಿ, ಡಕೋಟ ವಿಮಾನಕ್ಕೆ ಬಿಗಿದು ಎಳೆಸಿ ಹಾರಿಸಿತ್ತು. ತೇಜಸ್‌ನ ಮೊದಲ ವಿಮಾನ ಜನರೆದುರು ಬಂದದ್ದು 1995ರ ನವೆಂಬರ್ 17ರಂದು, ಆಕಾಶಕ್ಕೇರಿದ್ದು 2001ರ ಜನವರಿ 4ರಂದು. ನಡುವಿನ ಐದು ವರ್ಷಗಳಲ್ಲಿ ಟೀಕೆಗಳು ಕೇಳಿಬಂದವು, 1998ರ ಅಣುಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧಗಳೂ ಬಂದವು. ವಿಮಾನ ಮಾತ್ರ ಸಿದ್ಧವಾದ ಮೇಲೆಯೇ ಹಾರಿತು. ರನ್‌ವೇ ಅಲ್ಲೇ ಇತ್ತು, ನಾಳೆಯೂ ಇರುತ್ತಿತ್ತು.

ಹವ್ಯಾಸಿಗೆ ಇಲ್ಲದಿರುವುದು ಈ ನಾಳೆ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳ ವಿಷಯದಲ್ಲಿ ಉದಾರವಾಗಿಯೇ ಇವೆ. 25 ಕಿಲೋ ಮೀರದ, ಕಲಿಕೆ, ಸಂಶೋಧನೆ ಅಥವಾ ಮನರಂಜನೆಗೆಂದು ಕಣ್ಣಳತೆಯಲ್ಲೇ ಹಾರಿಸುವ ಮಾದರಿಗೆ ಟೈಪ್ ಸರ್ಟಿಫಿಕೇಟ್ ಬೇಡ. ಆದರೆ ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ಒಳಗೆ ಅನುಮತಿಯಿಲ್ಲದೆ 200 ಅಡಿ ಮೀರುವಂತಿಲ್ಲ, ಇನ್ನೂ ಹತ್ತಿರವಾದರೆ ಅಷ್ಟೂ ಇಲ್ಲ. 200 ಅಡಿ ಎಂದರೆ 60 ಮೀಟರ್, ಜೆಟ್ ಮಾದರಿಗೆ ಒಂದು ಸೆಕೆಂಡಿನ ದಾರಿ. ಮೀನಂಬಾಕ್ಕಂ ನಿಲ್ದಾಣ ಮತ್ತು ತಾಂಬರಂ ವಾಯುನೆಲೆಯ ಸುತ್ತ ಇಂಥ ವೃತ್ತಗಳನ್ನು ಎಳೆದರೆ ಚೆನ್ನೈನ ಬಹುಭಾಗ ಒಳಗೇ ಬೀಳುತ್ತದೆ.

ವೃತ್ತ ಎಳೆದದ್ದು ತಪ್ಪಲ್ಲ, ಪ್ರಯಾಣಿಕರ ಜೀವದ ಪ್ರಶ್ನೆ ಅದು. ತೊಂದರೆ ಇರುವುದು ವೃತ್ತದ ಹೊರಗೆ ಗೊತ್ತಾದ ಜಾಗ ಕೊಡದಿರುವುದರಲ್ಲಿ. ಎರಡು ಗಂಟೆ ಕಾರು ಓಡಿಸಿ, ಯಾರದೋ ಖಾಲಿ ಲೇಔಟಿನ ರಸ್ತೆಯನ್ನು ಒಂದು ಬೆಳಿಗ್ಗೆಗೆ ಕೇಳಿ ಪಡೆದವರ ಸ್ಥಿತಿ ಊಹಿಸಿ. ಸಿಗ್ನಲ್ ಪರೀಕ್ಷೆಯಲ್ಲಿ ಸಣ್ಣ ಅನುಮಾನ ಬಂದಿದೆ, ಗಾಳಿ ತಿರುಗುತ್ತಿದೆ, ನಾಲ್ಕು ಜನ ನೋಡಲು ಬಂದಿದ್ದಾರೆ, ಮುಂದಿನ ವಾರ ಈ ಜಾಗ ಸಿಗುವ ಖಾತರಿಯಿಲ್ಲ. ಇಂಥಲ್ಲಿ ‘ನೋಡೇಬಿಡೋಣ’ ಎಂಬ ಮಾತು ಗೆಲ್ಲುತ್ತದೆ. ನಿಯಮ ಎಷ್ಟೇ ಬಿಗಿಯಾಗಿದ್ದರೂ ಆ ಗಳಿಗೆಯನ್ನು ಕಾಯುವವರಿಲ್ಲ.

ಲಕ್ಷಗಟ್ಟಲೆ ಖರ್ಚಿನ ಹವ್ಯಾಸಕ್ಕೆ ಸಾರ್ವಜನಿಕ ಜಾಗ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಟರ್ಬೈನ್ ಹಾರಿಸುವವರು ಬೆರಳೆಣಿಕೆಯಷ್ಟು, ಅವರಿಗಷ್ಟೇ ಮೈದಾನ ಕೇಳಿದರೆ ಅದು ಅತಿಯಾದೀತು. ಆದರೆ ಆ ಮೈದಾನಕ್ಕೆ ಬರುವವರಲ್ಲಿ ಹೆಚ್ಚಿನವರು ಥರ್ಮೋಕೋಲ್ ಗ್ಲೈಡರ್ ಹಿಡಿದ ವಿದ್ಯಾರ್ಥಿಗಳಾಗಿರುತ್ತಾರೆ. ಅಬ್ದುಲ್ ಕಲಾಂ ಓದಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಕ್ರೋಮ್‌ಪೇಟೆಯಲ್ಲಿ, ಮೀನಂಬಾಕ್ಕಂ ಮತ್ತು ತಾಂಬರಂ ನಡುವೆ. ವಿಮಾನ ಮಾದರಿಗಳ ಗೀಳಿರುವ ನಟ ಅಜಿತ್ ಕುಮಾರ್ ಸಲಹೆಗಾರರಾಗಿದ್ದ ಅಲ್ಲಿನ ದಕ್ಷ ತಂಡ 2018ರಲ್ಲಿ ಆಸ್ಟ್ರೇಲಿಯಾದ ಡ್ರೋನ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಗಳಿಸಿತು. ಹವ್ಯಾಸದಿಂದ ತಂತ್ರಜ್ಞಾನ ಹುಟ್ಟುವುದೂ ಹೊಸತೇನಲ್ಲ. ಪುಟ್ಟ ಟರ್ಬೈನುಗಳಿಗೆ ದಾರಿ ತೋರಿದವರಲ್ಲಿ ಒಬ್ಬರಾದ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ತಮ್ಮ ಆರಂಭದ ಎಂಜಿನ್ನುಗಳ ಕಂಪ್ರೆಸರ್ ಚಕ್ರವನ್ನು ಪ್ಲೈವುಡ್ಡಿನಲ್ಲಿ ಮಾಡಿದ್ದರು.

ಬೇಕಾದದ್ದು ಹೆಚ್ಚೇನಲ್ಲ. ಊರಿನಿಂದ, ಹೈಟೆನ್ಶನ್ ತಂತಿಯಿಂದ ದೂರ, ಇನ್ನೂರು ಮೀಟರಿನ ಒಂದು ಡಾಂಬರು ಪಟ್ಟಿ, ಗಾಳಿಚೀಲ, ಬೆಂಕಿ ಆರಿಸುವ ಸಲಕರಣೆ, ಕಡ್ಡಾಯ ವಿಮೆ. ಅಮೆರಿಕದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ತನ್ನ ಸದಸ್ಯರಿಗೆ ಟರ್ಬೈನ್ ಹಾರಿಸಲು ಪ್ರತ್ಯೇಕ ಅನುಮತಿ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಇಲ್ಲಿಯೂ ಅಂಥದೊಂದು ಇರಲಿ. ಜೊತೆಗೆ ಪ್ರತಿ ಹೊಸ ವಿಮಾನವನ್ನೂ ಮುಟ್ಟಿ, ಅಲುಗಾಡಿಸಿ ನೋಡುವ ಒಬ್ಬ ಅನುಭವಿ ಅಲ್ಲಿರಬೇಕು. ಆತ ‘ತಮ್ಮಾ, ಇವತ್ತು ಬೇಡ, ಮುಂದಿನ ಭಾನುವಾರ ಬಾ’ ಎಂದಾಗ ಆ ಭಾನುವಾರ ಮೈದಾನ ಅಲ್ಲೇ ಇರಬೇಕು.