ದಿಡ್ಡಿ ಬಾಗಿಲಿನ ಬೀಗದ ಕೈ ಯಾರಲ್ಲಿರಬೇಕು?

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಇಂದಿನ ಮನೆಗಳಿಗೆ ಕೋಟೆಯಿಲ್ಲ. ಆದರೆ ದಿಡ್ಡಿ ಬಾಗಿಲುಗಳುಂಟು. ಗೋಡೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕುಳಿತಿರುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯೊಳಗೆ ಅವು ಅಡಗಿವೆ. ಅವುಗಳಲ್ಲಿ ಯಾವುದು ತೆರೆದಿದೆ, ತೆರೆದವರು ಯಾರು, ಏತಕ್ಕಾಗಿ ತೆರೆದರು ಎಂಬುದು ಬಹುಪಾಲು ಗೃಹಸ್ಥರಿಗೆ ತಿಳಿಯದು. ತಿಳಿದಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರುಗಳಲ್ಲಿ ಈಗ ಸಾಮಾನ್ಯವಾಗಿರುವ ಒಂದು ಸಂಗತಿಯನ್ನು ನೋಡೋಣ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲಸಿದ್ದಾರೆ. ಊರಿನ ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ. ಅವರ ಯೋಗಕ್ಷೇಮ ನೋಡಿಕೊಳ್ಳಲೆಂದು ಮಕ್ಕಳು ಸಿಸಿಟಿವಿ ಕ್ಯಾಮೆರಾ ಹಾಕಿಸುತ್ತಾರೆ. ಅಂಗಡಿಯ ಹುಡುಗ ಬಂದು ಗೋಡೆಗೆ ತೂತು ಕೊರೆದು, ತಂತಿ ಎಳೆದು, ಕೊನೆಗೆ ರೌಟರಿನ ಪಾಸ್‌ವರ್ಡ್ ಕೇಳಿ ಏನನ್ನೋ ಒತ್ತುತ್ತಾನೆ. "ಸಾರ್, ಇನ್ನು ನಿಮ್ಮ ಮಗ ಎಲ್ಲಿಂದ ಬೇಕಾದರೂ ನೋಡಬಹುದು" ಎಂದು ಹೇಳಿ ಹೋಗುತ್ತಾನೆ. ಅವನು ಒತ್ತಿದ್ದರ ಹೆಸರು ಪೋರ್ಟ್ ಫಾರ್ವರ್ಡಿಂಗ್. ಮಗ ಎಲ್ಲಿಂದ ಬೇಕಾದರೂ ನೋಡಬಹುದು ಎಂಬ ಮಾತು ನಿಜ. ಮಗನಲ್ಲದವರೂ ನೋಡುವಂತಾದೀತೇ ಎಂದು ಕೇಳಲು ಆ ಹಿರಿಯರಿಗೆ ತೋಚುವುದಿಲ್ಲ, ಹೇಳಲು ಆ ಹುಡುಗನಿಗೆ ಪುರಸೊತ್ತಿಲ್ಲ.

ಇದರ ಒಳಮರ್ಮವನ್ನು ಅರಿಯಲು ಹಳೆಯ ವಠಾರವನ್ನು ನೆನೆದರೆ ಸಾಕು. ಹತ್ತು ಸಂಸಾರಗಳಿಗೆ ಸೇರಿ ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಅಂತರಜಾಲದಲ್ಲಿ ನಮ್ಮ ಮನೆಯೂ ಹಾಗೆಯೇ. ಹೊರಗಿನವರಿಗೆ ಕಾಣುವುದು ರೌಟರಿನ ಒಂದು ಐಪಿ ವಿಳಾಸ ಮಾತ್ರ. ಒಳಗಿರುವ ಮೊಬೈಲು, ಗಣಕಯಂತ್ರ, ಕ್ಯಾಮೆರಾಗಳಿಗೆ 192.168 ಎಂದು ಮೊದಲಾಗುವ ಖಾಸಗಿ ವಿಳಾಸಗಳಿರುತ್ತವೆ. ಅವು ಬೀದಿಯವರಿಗೆ ತಿಳಿಯುವುದಿಲ್ಲ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ರೌಟರ್ ತನ್ನ ಲೆಕ್ಕದ ಪುಸ್ತಕ ನೋಡಿ ಸರಿಯಾದವರಿಗೆ ತಲುಪಿಸುತ್ತದೆ. ಕೇಳದೆ ಬಂದವರನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಹಾಗಾದರೆ ಅಮೆರಿಕದ ಮಗ ತಾನಾಗಿ ಬಂದು ಬಾಗಿಲು ತಟ್ಟಿದರೆ? ಅದಕ್ಕಾಗಿ ರೌಟರಿನಲ್ಲಿ ಒಂದು ಕಟ್ಟಳೆ ಬರೆಯಬೇಕು: "ಇಂಥ ಸಂಖ್ಯೆಯ ಬಾಗಿಲಿಗೆ ಬಂದವರನ್ನು ಕ್ಯಾಮೆರಾ ಇರುವ ಕೋಣೆಗೆ ಕಳುಹಿಸು." ಪೋರ್ಟ್ ಫಾರ್ವರ್ಡಿಂಗ್ ಎಂದರೆ ಇಷ್ಟೇ.

ಈ ಏರ್ಪಾಡು ಹುಟ್ಟಿದ್ದು ಕೊರತೆಯಿಂದ. ಐಪಿ ವಿಳಾಸದ ಹಳೆಯ ಪದ್ಧತಿಯಲ್ಲಿ 32 ದ್ವಿಮಾನ ಅಂಕಿಗಳು. ಎರಡರ 32ನೆಯ ಘಾತ ಎಂದರೆ ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೇ ಅದು ಸಾಲದು. ಆದ್ದರಿಂದ 1994ರಲ್ಲಿ ಒಂದೇ ವಿಳಾಸವನ್ನು ಹಲವರು ಹಂಚಿಕೊಳ್ಳುವ ವಿಧಾನವನ್ನು ಸೂಚಿಸಿದರು. 1996ರಲ್ಲಿ ಖಾಸಗಿ ವಿಳಾಸಗಳ ನಿಯಮ ಈಗಿನ ರೂಪ ಪಡೆಯಿತು. ಪೋರ್ಟುಗಳಿಗೆ 16 ಅಂಕಿ. ಎಂದರೆ 65,536 ಬಾಗಿಲುಗಳು. ಜಾಲತಾಣಗಳಿಗೆ 80 ಮತ್ತು 443, ವಿಂಡೋಸ್ ಗಣಕವನ್ನು ದೂರದಿಂದ ನಡೆಸಲು 3389, ಹೀಗೆ ಕೆಲವಕ್ಕೆ ರೂಢಿಯ ಕೆಲಸಗಳುಂಟು.

ಮಾಡುವ ಕ್ರಮ ಕಠಿಣವೇನಲ್ಲ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಸಾಮಾನ್ಯವಾಗಿ ರೌಟರಿನ ಪುಟ ತೆರೆಯುತ್ತದೆ. ಮೊದಲು ಕ್ಯಾಮೆರಾಕ್ಕೆ ಒಳಗಿನ ವಿಳಾಸವೊಂದನ್ನು ಖಾಯಂ ಮಾಡಬೇಕು. ಇಲ್ಲವಾದರೆ ಕರೆಂಟು ಹೋಗಿ ಬಂದಾಗ ವಿಳಾಸ ಬದಲಾಗಿ ಕಟ್ಟಳೆ ವ್ಯರ್ಥವಾದೀತು. ಬಳಿಕ ಹೊರಗಿನ ಪೋರ್ಟು, ಒಳಗಿನ ಪೋರ್ಟು, ಟಿಸಿಪಿಯೋ ಯುಡಿಪಿಯೋ ಎಂಬುದನ್ನು ತುಂಬಿ ಉಳಿಸಬೇಕು. ಪರೀಕ್ಷಿಸುವಾಗ ಮೊಬೈಲಿನ ವೈಫೈ ಆರಿಸಿ, ಮೊಬೈಲ್ ಡೇಟಾದ ಮೂಲಕ ಹೊರಗಿನವರಂತೆ ಬಂದು ನೋಡಬೇಕು.

ಇಷ್ಟು ಮಾಡಿದರೂ ಹಲವು ಮನೆಗಳಲ್ಲಿ ಬಾಗಿಲು ತೆರೆಯದು. ಹೊಸ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಮುಗಿಯಿತು. ಅಂತರಜಾಲ ಸೇವೆ ಕೊಡುವವರು ಅನೇಕ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂಡಿಸುವುದು ರೂಢಿಯಾಯಿತು. 2012ರಲ್ಲಿ ಅದಕ್ಕೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ಎಂದರೆ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗೆ ಸೇರಿತು. ಹೊರಬಾಗಿಲಿನ ಬೀಗದ ಕೈ ಅವರ ಬಳಿ. ನಮ್ಮ ಕಟ್ಟಳೆ ನಮ್ಮ ಹೊಸ್ತಿಲಿಗಷ್ಟೇ ಸೀಮಿತ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸಕ್ಕೂ, ವಿಳಾಸ ತೋರಿಸುವ ಜಾಲತಾಣದಲ್ಲಿ ಕಾಣುವುದಕ್ಕೂ ವ್ಯತ್ಯಾಸವಿದ್ದರೆ ನೀವು ಅಂಥ ಮಹಾವಠಾರದ ನಿವಾಸಿಗಳೆಂದು ತಿಳಿಯಿರಿ.

ಇನ್ನು ಅಪಾಯದ ಮಾತು. ನಮ್ಮಂಥ ಬಡ ಮೇಷ್ಟರ ಮನೆಯ ಬಾಗಿಲನ್ನು ಹುಡುಕಿಕೊಂಡು ಯಾರು ಬರುತ್ತಾರೆ ಎಂದು ಕೇಳುವವರುಂಟು. ಯಾರೂ ಹುಡುಕಬೇಕಾಗಿಲ್ಲ, ಯಂತ್ರ ಎಲ್ಲ ಬಾಗಿಲುಗಳನ್ನೂ ತಟ್ಟುತ್ತದೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಜೀಮ್ಯಾಪ್ ಎಂಬ ತಂತ್ರಾಂಶ, ವೇಗದ ಸಂಪರ್ಕವಿರುವ ಒಂದೇ ಗಣಕದಿಂದ, ಜಗತ್ತಿನ ಸಾರ್ವಜನಿಕ ವಿಳಾಸಗಳಲ್ಲೆಲ್ಲ ಒಂದು ಪೋರ್ಟನ್ನು 45 ನಿಮಿಷಗಳೊಳಗೆ ತಟ್ಟಿ ನೋಡಬಲ್ಲದಾಗಿತ್ತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದರ ಕೈಯಲ್ಲಿದ್ದ ಅಸ್ತ್ರ ಯಾವುದು ಗೊತ್ತೇ? ಕಾರ್ಖಾನೆಯಿಂದ ಬಂದಾಗ ಇರುವ ಸುಮಾರು 60 ಜೊತೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡುಗಳ ಪಟ್ಟಿ, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಅಂಥ ವಶಪಡಿಸಿಕೊಂಡ ಯಂತ್ರಗಳ ಸೈನ್ಯ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವರಿಗೆ ಸಿಗದಾದವು. ತಮ್ಮ ಮನೆಯ ಕ್ಯಾಮೆರಾ ಆ ಸೈನ್ಯದಲ್ಲಿದೆಯೆಂದು ಎಷ್ಟು ಮಂದಿ ಮಾಲೀಕರಿಗೆ ಗೊತ್ತಿದ್ದೀತು?

ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ನೋಡದ ಮಕ್ಕಳು ನಮ್ಮಲ್ಲಿ ಕಡಿಮೆ. ಒಬ್ಬರು ಕಷ್ಟಪಟ್ಟು ನುಸುಳುವಷ್ಟು ಕಿರಿದಾದ ಸಂದಿ ಅದು. ಹೈದರಾಲಿಯ ಕಡೆಯವರು ಅದನ್ನೂ ಪತ್ತೆ ಮಾಡಿದರೆಂಬುದು ಜನಜನಿತ ಕಥೆ. ಕಿಂಡಿ ಚಿಕ್ಕದು ಎಂಬುದು ದುರ್ಗವನ್ನು ಕಾಯಲಿಲ್ಲ. ಒನಕೆ ಹಿಡಿದು ನಿಂತವಳು ಕಾಯ್ದಳು. ರೂಢಿಯ ಪೋರ್ಟು ಬಿಟ್ಟು ಬೇರೆ ಸಂಖ್ಯೆ ಇಟ್ಟಿದ್ದೇವೆ, ಆದ್ದರಿಂದ ಭಯವಿಲ್ಲ ಎನ್ನುವವರು ಇದನ್ನು ಮರೆಯಬಾರದು.

ಹಾಗಾದರೆ ಬಾಗಿಲೇ ಬೇಡವೇ? ಕ್ಯಾಮೆರಾ ತಯಾರಿಸಿದವರ ಸರ್ವರಿನ ಮೂಲಕವೇ ನೋಡಿದರಾಯಿತು ಎಂಬುದು ಇನ್ನೊಂದು ಪಕ್ಷ. ಅಲ್ಲಿ ಕ್ಯಾಮೆರಾ ತಾನಾಗಿ ಹೊರಗೆ ಸಂಪರ್ಕಿಸುವುದರಿಂದ ಪೋರ್ಟು ತೆರೆಯಬೇಕಾಗಿಲ್ಲ. ಕಾವಲಿಲ್ಲದ ಕಿಂಡಿಗಿಂತ ಅದು ಮೇಲು ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಪಡಸಾಲೆಯ ಚಿತ್ರ ನೋಡಲು ಅಪರಿಚಿತರ ಅಂಗಳವನ್ನು ಹಾದು ಬರಬೇಕು. ಆ ಸಂಸ್ಥೆ ಅಂಗಡಿ ಮುಚ್ಚಿದ ದಿನ ನಮ್ಮ ಕ್ಯಾಮೆರಾವೂ ಕುರುಡು.

ನನಗೆ ಸರಿಯೆನಿಸುವ ದಾರಿ ಮೂರನೆಯದು. ಕ್ಯಾಮೆರಾಕ್ಕೆ ನೇರವಾಗಿ ಬಾಗಿಲು ತೆರೆಯದೆ, ವಿಪಿಎನ್ ಎಂಬ ಕಾವಲುಗಾರನಿಗೆ ಮಾತ್ರ ಒಂದು ಪೋರ್ಟು ಕೊಡುವುದು. ವೈರ್‌ಗಾರ್ಡ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. 2020ರಲ್ಲಿ ಅದು ಲಿನಕ್ಸಿನ ತಿರುಳಿಗೇ ಸೇರಿತು, ಕೆಲವು ರೌಟರುಗಳಲ್ಲಿ ಅಡಕವಾಗಿಯೂ ಬರುತ್ತದೆ. ಸರಿಯಾದ ಕೀಲಿ ಇಲ್ಲದವನು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಅಲ್ಲಿ ಬಾಗಿಲಿದೆಯೆಂಬುದೇ ಅವನಿಗೆ ತಿಳಿಯದು. ಮಹಾವಠಾರದ ನಿವಾಸಿಗಳು ಸೇವೆ ಕೊಡುವವರಲ್ಲಿ ಸ್ವತಂತ್ರ ವಿಳಾಸವನ್ನು ಕೇಳಬೇಕು, ಇಲ್ಲವೇ ಐಪಿವಿ6 ಬಳಸಬೇಕು. 128 ಅಂಕಿಗಳ ಆ ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರಕ್ಕೂ ತನ್ನದೇ ವಿಳಾಸವುಂಟು, ವಠಾರದ ಹಂಗಿಲ್ಲ. ಆದರೆ ಅಲ್ಲಿಯೂ ರೌಟರಿನ ಫೈರ್‌ವಾಲ್ ಎಂಬ ಗೋಡೆ ಇರಲೇಬೇಕು.

ತಂತ್ರಜ್ಞಾನಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಆ ಕ್ಯಾಮೆರಾದ ಮುಂದೆ ಬದುಕುವವರು ಹಿರಿಯರು. ಅಮ್ಮ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬರುವುದು, ಅಪ್ಪ ಮಾತ್ರೆ ಮರೆತು ಬೈಸಿಕೊಳ್ಳುವುದು, ನೆರೆಯವರು ಕಷ್ಟ ಹೇಳಿಕೊಂಡು ಅಳುವುದು, ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಮಕ್ಕಳ ಕಾಳಜಿ ಸತ್ಯವೇ. ಆದರೆ ಯಾವ ಕೋಣೆಯಲ್ಲಿ ಕ್ಯಾಮೆರಾ, ಯಾರು ನೋಡುತ್ತಾರೆ, ಯಾವಾಗ ಆರಿಸಬಹುದು ಎಂಬುದನ್ನು ತೀರ್ಮಾನಿಸುವ ಹಕ್ಕು ಆ ಮನೆಯಲ್ಲಿ ವಾಸಿಸುವವರದು. ವಯಸ್ಸಾದವರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತನ್ನು ನಾನು ಒಪ್ಪಲಾರೆ. ಮಗ್ಗಿ, ಬಡ್ಡಿ ಲೆಕ್ಕ, ಪಹಣಿ, ಪಂಚಾಂಗ ಎಲ್ಲವನ್ನೂ ಅರಿತ ತಲೆಮಾರು ಇದು. ಹೇಳುವವರು ಸಮಾಧಾನದಿಂದ ಹೇಳಿದರೆ ಬಾಗಿಲು, ಬೀಗ, ವಿಳಾಸಗಳ ಮಾತು ಯಾರಿಗೆ ತಿಳಿಯದು?

ಆದ್ದರಿಂದ ಕ್ಯಾಮೆರಾ ಅಳವಡಿಸುವವರಲ್ಲಿ ನನ್ನದೊಂದು ವಿನಂತಿ. ಹೋಗುವ ಮುನ್ನ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಯಾವ ಪೋರ್ಟು ತೆರೆದಿರಿ, ಯಾವ ಯಂತ್ರಕ್ಕೆ, ಮುಚ್ಚುವುದು ಹೇಗೆ ಎಂದು ಬರೆದು ಕೊಡಿ. ಹೊಸ ಪಾಸ್‌ವರ್ಡನ್ನು ಮನೆಯವರ ಕೈಯಲ್ಲೇ ಹಾಕಿಸಿ. ಓದುಗರಲ್ಲಿಯೂ ಒಂದು ವಿನಂತಿ. ಈ ಭಾನುವಾರ ರೌಟರಿನ ಪುಟ ತೆರೆದು ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯನ್ನು ಓದಿರಿ. ಏತಕ್ಕೆಂದು ತಿಳಿಯದ ಸಾಲನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಅಳಿಸಿರಿ. ಯಂತ್ರಗಳು ತಾವಾಗಿಯೇ ಬಾಗಿಲು ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಎಂಬ ಸೌಲಭ್ಯವನ್ನು ಆರಿಸಿರಿ. ಏನಾದರೂ ಕೆಲಸ ನಿಂತರೆ, ಆ ಬಾಗಿಲು ಏತಕ್ಕಿತ್ತೆಂಬುದು ಆಗ ತಾನಾಗಿ ತಿಳಿಯುತ್ತದೆ. ಬೇಕೆನಿಸಿದರೆ ತಿಳಿದೇ ತೆರೆಯಬಹುದು.