ಆಡುವ ಮಕ್ಕಳು, ಹರಟುವ ಹಿರಿಯರು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವ ನಮಗೆ ಅಭಿಪ್ರಾಯಗಳ ಬರವಿಲ್ಲ. ಪತ್ರಿಕೆಯಲ್ಲಿ ಹೊಸ ಮೊಬೈಲಿನ ಸುದ್ದಿ ಬಂದಿತೆಂದರೆ ಅದರ ಬೆಲೆಯನ್ನು ಕುರಿತು ಒಂದು ಸುತ್ತು. ಕೃತಕ ಬುದ್ಧಿಮತ್ತೆಯ ಸುದ್ದಿ ಬಂದಿತೆಂದರೆ ಪ್ರಳಯವನ್ನು ಕುರಿತು ಇನ್ನೊಂದು ಸುತ್ತು. ಮೊಮ್ಮಕ್ಕಳ ಗೇಮು, ಕಾರ್ಟೂನುಗಳ ಮಾತು ಬಂದಿತೆಂದರೆ ‘ಎಲ್ಲ ಹಾಳಾಯಿತು ಸ್ವಾಮಿ’ ಎಂಬ ಏಕಾಭಿಪ್ರಾಯದೊಡನೆ ಮೂರನೆಯ ಸುತ್ತು ಮುಗಿದು, ಎಲ್ಲರೂ ಕಾಫಿಗೆ ಚದುರುತ್ತೇವೆ. ನಮ್ಮಲ್ಲಿ ಒಬ್ಬರಾದರೂ ಆ ಗೇಮನ್ನು ಆಡಿದವರಲ್ಲ. ಆ ಕಾರ್ಟೂನನ್ನು ಕೊನೆಯವರೆಗೆ ಕುಳಿತು ನೋಡಿದವರಲ್ಲ. ಓದದ ಕಾದಂಬರಿಯನ್ನು ವಿಮರ್ಶಿಸುವವನನ್ನು ನಾವು ಅಪ್ರಾಮಾಣಿಕನೆನ್ನುತ್ತೇವೆ. ಆಡದ ಆಟವನ್ನು ಖಂಡಿಸುವವನನ್ನು ಮಾತ್ರ ಅನುಭವಸ್ಥನೆನ್ನುತ್ತೇವೆ. ಇದು ಯಾವ ನ್ಯಾಯ?

ನಾನೂ ಆ ಏಕಾಭಿಪ್ರಾಯದವನೇ ಆಗಿದ್ದೆ. ನನ್ನ ಮನಸ್ಸನ್ನು ತಿರುಗಿಸಿದ್ದು ಯಾವ ಪಂಡಿತರ ವಾದವೂ ಅಲ್ಲ. ಮನೆಯಲ್ಲಿಯೇ ನಡೆದ ಒಂದು ಸಣ್ಣ ಸಂಗತಿ. ಒಂಬತ್ತು ವರ್ಷದ ನನ್ನ ಮೊಮ್ಮಗ ಟೀವಿಯಲ್ಲಿ ಒಂದು ಕಾರ್ಟೂನು ಚಿತ್ರ ನೋಡಿ, ಕಣ್ಣು ತುಂಬಿಕೊಂಡು ಅಡುಗೆಮನೆಯಲ್ಲಿದ್ದ ಅಜ್ಜಿಯ ಬಳಿಗೆ ಬಂದ.

‘ಯಾಕೋ ಮರಿ, ಯಾರು ಏನಂದರು?’ ಎಂದಳು ಆಕೆ.

‘ಅಜ್ಜಿ, ಅದೊಂದು ಮರಿ ಇತ್ತಲ್ಲ, ಅದರ ಅಪ್ಪ...’ ಎಂದು ಆರಂಭಿಸಿದ. ಮುಂದಕ್ಕೆ ಮಾತು ಹೊರಡಲಿಲ್ಲ. ತಡವರಿಸಿದ. ಆಮೇಲೆ ಕಟ್ಟೆಯೊಡೆದಂತೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಅವನ ಅಜ್ಜಿಗೆ ಇಂಗ್ಲಿಷು ಬಾರದು. ‘ಹೋಗಲಿ ಬಿಡು, ಅಳಬೇಡ’ ಎಂದು ಸೆರಗಿನಿಂದ ಅವನ ಕಣ್ಣೊರೆಸಿದಳು. ಹುಡುಗ ಸುಮ್ಮನಾದ. ಆದರೆ ಅವನು ಏಕೆ ಅತ್ತನೆಂಬುದು ಆಕೆಗೆ ಕೊನೆಗೂ ತಿಳಿಯಲಿಲ್ಲ.

ಆ ಹುಡುಗನಿಗೆ ಕನ್ನಡ ಬಾರದೆಂದಲ್ಲ. ಊಟ, ಸ್ನಾನ, ಹಟ, ಜಗಳ ಎಲ್ಲವೂ ಅವನಿಗೆ ಕನ್ನಡದಲ್ಲಿಯೇ. ಆದರೆ ಸಾವು, ಅಗಲಿಕೆ, ಸಾಹಸ, ಕರುಣೆ ಮೊದಲಾದ ದೊಡ್ಡ ಭಾವಗಳು ಅವನ ಬಾಳಿಗೆ ಬಂದದ್ದು ಬೇರೊಂದು ಭಾಷೆಯನ್ನು ಉಟ್ಟುಕೊಂಡು. ನಮಗೆ ಅವು ಬಂದದ್ದು ಅಜ್ಜಿಯ ಕಥೆಯಲ್ಲಿ, ಹರಿಕಥೆಯಲ್ಲಿ, ಬಯಲಾಟದಲ್ಲಿ. ಈಗಿನ ಮಗುವಿಗೆ ಕಾರ್ಟೂನೇ ಮೊದಲ ಪುರಾಣ. ಗೇಮೇ ಮೊದಲ ಸಾಹಸಕಥೆ. ಮಕ್ಕಳು ಆಡುವುದು, ನೋಡುವುದು ನಮ್ಮ ಕೇಡಲ್ಲ. ಈ ಎರಡನ್ನೂ ಕಲೆಯೆಂದು ಎಣಿಸದೆ, ಹರಟೆಯ ಪಾಲಿಗೆ ಬಿಟ್ಟು, ಅವುಗಳ ಬಳಿಗೆ ಕನ್ನಡ ಸುಳಿಯದಂತೆ ಮಾಡಿರುವುದೇ ಕೇಡು. ನಾನು ಹೇಳಬೇಕಾಗಿರುವುದು ಇಷ್ಟೆ.

ಆಟವೆಂದರೆ ಹುಡುಗಾಟಿಕೆ, ವಿದ್ವಾಂಸರು ಮೂಸಿ ನೋಡತಕ್ಕದ್ದಲ್ಲ ಎಂಬ ಮಾತನ್ನು ಬೇರೆ ಯಾವ ಊರಿನವರಾದರೂ ಆಡಲಿ, ಮೈಸೂರಿನವರು ಆಡಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳು, ದೇವತೆಗಳ ಧ್ಯಾನ, ರೂಪಗಳನ್ನು ಹೇಳುವ ಆ ಗ್ರಂಥದಲ್ಲಿಯೇ ಆಟಗಳಿಗಾಗಿ ಕೌತುಕನಿಧಿ ಎಂಬ ಭಾಗವೂ ಇದೆ. ಗಂಜೀಫಾ ಎಲೆಗಳಲ್ಲಿ ಚಾಮುಂಡೇಶ್ವರಿಯ ಹೆಸರಿನ ೩೨೦ ಎಲೆಗಳ ಆಟವನ್ನು ಆ ದೊರೆ ಕಲ್ಪಿಸಿದ. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಾರಿ ಮಾತ್ರ ನಿಲ್ಲುವಂತೆ ನಡೆಸುವ ಬಂಧಗಳನ್ನು ರಚಿಸಿದ. ೧೮೩೧ರಲ್ಲಿ ಆಡಳಿತ ಕೈತಪ್ಪಿದ ಅರಸನಿಗೆ ಹೊತ್ತು ಹೋಗಬೇಕಾಗಿತ್ತು ಎಂದು ನಗುವವರು ನಗಲಿ. ಅವನು ಆಟವನ್ನು ನಾಲ್ಕು ಜನರ ಹರಟೆಗೆ ಬಿಡಲಿಲ್ಲ. ಅದಕ್ಕೆ ಲಕ್ಷಣ ಬರೆಯಿಸಿದ, ಚಿತ್ರ ಬರೆಯಿಸಿದ, ಹೆಸರಿಟ್ಟ. ನಮ್ಮ ಅಜ್ಜಿಯರು ಏಕಾದಶಿಯ ರಾತ್ರಿ ಆಡುತ್ತಿದ್ದ ಪರಮಪದ ಸೋಪಾನದ ಪಟವನ್ನು ನೆನೆಯಿರಿ: ಏಣಿ ಹತ್ತಿದರೆ ಪುಣ್ಯ, ಹಾವು ನುಂಗಿದರೆ ಪಾಪ, ಮೇಲೆ ವೈಕುಂಠ. ಒಂದು ಧರ್ಮಶಾಸ್ತ್ರವನ್ನೇ ಆಡುತ್ತ ಕಲಿಸಿದ ನಾಡು ಇದು. ಇಂದು ಅದೇ ನಾಡಿನ ವಿದ್ಯಾವಂತರು ‘ಗೇಮಿನಲ್ಲಿ ಏನಿದೆ?’ ಎಂದು ಕೇಳುತ್ತಾರೆ!

‘ಮಕ್ಕಳು ಹಗಲಿರುಳು ಮೊಬೈಲಿಗೆ ಅಂಟಿಕೊಂಡಿರುವುದು ಸುಳ್ಳೇ? ಜೂಜಿನ ಆಟಗಳಲ್ಲಿ ಮನೆಗಳು ಮುಳುಗಿದ್ದು ಸುಳ್ಳೇ?’ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಜೂಜಿನ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯಲಾರೆ. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ಕರ್ನಾಟಕ ಸರಕಾರ ೨೦೨೧ರಲ್ಲಿ ಮಾಡಿದ ಶಾಸನದ ಮುಖ್ಯಾಂಶಗಳನ್ನು ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಹಣದಾಟಗಳನ್ನು ನಿಷೇಧಿಸುವ ಶಾಸನ ಮಾಡಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಆ ಶಾಸನವೇ ಹಣದಾಟ ಬೇರೆ, ಸ್ಪರ್ಧೆಯ ಆಟ ಬೇರೆ, ವಿನೋದದ ಆಟ ಬೇರೆ ಎಂದು ಬಿಡಿಸಿ ಹೇಳಿದೆ. ಕಾನೂನಿಗೆ ತಿಳಿದ ಈ ವ್ಯತ್ಯಾಸ ಕೆರೆಯೇರಿಯ ನಮ್ಮ ನ್ಯಾಯಪೀಠಕ್ಕೆ ತಿಳಿದಿಲ್ಲ. ನಮಗೆ ಇಸ್ಪೀಟು, ಚದುರಂಗ, ಚೌಕಾಬಾರ ಎಲ್ಲವೂ ಒಂದೇ ಪಾಪ. ಕೆಟ್ಟ ಕಾದಂಬರಿಗಳಿವೆ ಎಂದು ಯಾರೂ ಪುಸ್ತಕಭಂಡಾರಕ್ಕೆ ಬೀಗ ಹಾಕುವುದಿಲ್ಲ. ಒಳ್ಳೆಯದನ್ನು ಆರಿಸಿ ಮಗುವಿನ ಕೈಗೆ ಕೊಡುತ್ತಾರೆ. ಆರಿಸಬೇಕಾದರೆ ಮೊದಲು ತಿಳಿದಿರಬೇಕು. ತಿಳಿಯುವ ಶ್ರಮವೇ ನಮಗೆ ಬೇಡ.

ಬೈಯುವವರ ಕಥೆ ಇದಾದರೆ, ಹೊಗಳುವವರ ಕಥೆ ಇನ್ನೂ ಸೊಗಸು. ಬೆಂಗಳೂರಿನಲ್ಲಿ ೧೯೯೭ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ೨೦೧೯ರಲ್ಲಿ ರಾಕ್‌ಸ್ಟಾರ್ ಎಂಬ ಜಗದ್ವಿಖ್ಯಾತ ಸಂಸ್ಥೆಯ ಪಾಲಾಯಿತು. ಹಾಲಿವುಡ್ಡಿನ ‘ಜಂಗಲ್ ಬುಕ್’ ೨೦೧೬ರಲ್ಲಿ ತೆರೆಗೆ ಬಂದಾಗ ಅದರ ಪ್ರಾಣಿಗಳಿಗೆ ಜೀವ ತುಂಬಿದ ದುಡಿಮೆಯಲ್ಲಿ ಬೆಂಗಳೂರಿನ ಕಲಾವಿದರ ಪಾಲೂ ಇತ್ತು. ಸರಕಾರ ೨೦೧೨ರಲ್ಲಿಯೇ ಈ ಉದ್ಯಮಕ್ಕೆ ಒಂದು ನೀತಿಯನ್ನು ಮಾಡಿತು; ೨೦೨೪ರಲ್ಲಿ ಇನ್ನೊಂದು ಹೊಸ ನೀತಿಯನ್ನು ಹೊರಡಿಸಿತು. ಸುದ್ದಿ ಬಂದಾಗಲೆಲ್ಲ ‘ನಮ್ಮ ಹುಡುಗರು!’ ಎಂದು ಎದೆಯುಬ್ಬಿಸಿದೆವು. ಆ ರಾಕ್‌ಸ್ಟಾರ್ ಸಂಸ್ಥೆಯ ಅತಿ ಪ್ರಸಿದ್ಧ ಆಟವಾದ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಐದನೆಯ ಕಂತನ್ನು ತೆರೆದು ಭಾಷೆಗಳ ಪಟ್ಟಿ ನೋಡಿ, ಕನ್ನಡ ಸಿಕ್ಕುವುದಿಲ್ಲ. ಬಡಗಿ ನಮ್ಮವನು, ಮರ ನಮ್ಮದು, ಬೆವರು ನಮ್ಮದು. ತೊಟ್ಟಿಲು ಮಾತ್ರ ಪರರ ಮನೆಯದು. ಪರರ ಮನೆ ಮುಳುಗಿದಾಗ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. ೨೦೨೫ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಟೆಕ್ನಿಕಲರ್ ಸಂಸ್ಥೆ ಕುಸಿದಾಗ, ಅದರ ಬೆಂಗಳೂರಿನ ಶಾಖೆಯಲ್ಲಿ ದುಡಿಯುತ್ತಿದ್ದ ಸಾವಿರಾರು ಮಂದಿ ಒಮ್ಮೆಗೇ ಬೀದಿಗೆ ಬಿದ್ದರು. ಅಷ್ಟು ಮಂದಿ ನುರಿತ ಕಲಾವಿದರು ನಮ್ಮ ನೆಲದಲ್ಲಿದ್ದೂ, ಅವರ ಕೈಗೆ ಕೊಡಲು ನಮ್ಮ ಬಳಿ ಒಂದು ಕಥೆಯಾಗಲಿ, ಅದಕ್ಕೆ ಹಣವಾಗಲಿ, ಅದನ್ನು ಬೇಡುವ ಪ್ರೇಕ್ಷಕನಾಗಲಿ ಇರಲಿಲ್ಲ.

ಕಥೆ ಇರಲಿಲ್ಲವೆಂದೆನೆ? ತಪ್ಪಾಯಿತು. ಪುಣ್ಯಕೋಟಿಯ ಕಥೆಯನ್ನು ಬಾಯಿಪಾಠ ಮಾಡದ ಕನ್ನಡದ ಮಗು ಇದ್ದೀತೆ? ಬೆಂಗಳೂರಿನ ರವಿಶಂಕರ್ ಎಂಬವರು ಜನರಿಂದ ಹಣ ಕೂಡಿಸಿ, ವರ್ಷಗಟ್ಟಲೆ ಪಾಡುಪಟ್ಟು ಆ ಹಸುವಿನ ಕಥೆಯನ್ನು ಅನಿಮೇಷನ್ ಚಿತ್ರವಾಗಿ ಮಾಡಿದರು. ಅದು ೨೦೨೦ರಲ್ಲಿ ಹೊರಬಂತು. ಯಾವ ಭಾಷೆಯಲ್ಲಿ? ಸಂಸ್ಕೃತದಲ್ಲಿ! ಅವರನ್ನು ನಾನು ದೂರಲಾರೆ. ಸಂಸ್ಕೃತಕ್ಕೆ ತನ್ನ ಮೊದಲ ಅನಿಮೇಷನ್ ಚಿತ್ರ ದೊರೆಯಿತು, ಸಂತೋಷವೇ. ನಾಚಿಕೆಪಡಬೇಕಾದವರು ನಾವು. ಕನ್ನಡದ ಹಳ್ಳಿಹಳ್ಳಿಯ ಹಾಡಿಗೆ ಚಿತ್ರರೂಪ ಬಂದಾಗ, ಅದು ಕನ್ನಡದಲ್ಲಿಯೇ ಬರಲೆಂದು ಹಟ ಹಿಡಿದು ಕೈಯೆತ್ತಿ ಕೊಡುವ ದೊಡ್ಡ ಗುಂಪೊಂದು ನಮ್ಮಲ್ಲಿರಲಿಲ್ಲ. ೨೦೨೫ರ ಜುಲೈಯಲ್ಲಿ ‘ಮಹಾವತಾರ ನರಸಿಂಹ’ ತೆರೆಗೆ ಬಂದಾಗಲೂ ಅಷ್ಟೆ. ಗಳಿಸಿದ ಕೋಟಿಗಳನ್ನು ಎಣಿಸಿದೆವು; ಭಕ್ತಿಯ ಕಣ್ಣೀರನ್ನು ವರ್ಣಿಸಿದೆವು. ಅದರ ಕನ್ನಡ ಸಂಭಾಷಣೆ ಹೇಗಿದೆ, ಪ್ರಹ್ಲಾದನ ಬಾಯಲ್ಲಿ ಆ ಮಾತು ಮಗುವಿನ ಮಾತಾಗಿ ಕೇಳುತ್ತದೆಯೇ ಎಂದು ತೂಗಿ ನೋಡಿದ ಒಂದು ಬರಹವನ್ನೂ ನಾನು ಓದಲಿಲ್ಲ.

ಇಲ್ಲಿ ಒಂದು ಕಹಿಯಾದ ಮಾತನ್ನು ಆಡಲೇಬೇಕು. ೧೯೬೦ರ ದಶಕದಲ್ಲಿ ಡಬ್ಬಿಂಗಿನ ವಿರುದ್ಧ ಎದ್ದ ಚಳವಳಿಗೆ ಆ ಕಾಲದಲ್ಲಿ ಅರ್ಥವಿತ್ತು. ಕನ್ನಡ ಚಲನಚಿತ್ರ ಆಗ ಎಳೆಯ ಸಸಿ; ಬೇಲಿ ಬೇಕಾಗಿತ್ತು. ಆದರೆ ಸಸಿ ಮರವಾದ ಮೇಲೂ ಬೇಲಿ ಉಳಿಯಿತು. ಆ ಬೇಲಿಯೊಳಗೆ ಮಕ್ಕಳೂ ಸಿಕ್ಕಿಕೊಂಡರು. ತಮಿಳು ಮಗು, ತೆಲುಗು ಮಗು ತಂತಮ್ಮ ಭಾಷೆಯಲ್ಲಿ ಪ್ರಪಂಚದ ಕಾರ್ಟೂನುಗಳನ್ನು ನೋಡಿ ನಗುತ್ತಿರುವಾಗ, ಕನ್ನಡದ ಮಗು ಅವನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ನೋಡಬೇಕಾಗಿತ್ತು. ೨೦೦೯ರಲ್ಲಿ ಚಿಂಟು ಟೀವಿ ಬಂದು ಒಂದು ಕಿಟಕಿ ತೆರೆಯಿತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗನ್ನು ತಡೆದ ಸಂಘಸಂಸ್ಥೆಗಳಿಗೆ ದಂಡ ವಿಧಿಸಿತು. ಕನ್ನಡದ ಹೆಸರಿನಲ್ಲಿ ಕನ್ನಡದ ಮಕ್ಕಳಿಗೆ ಕನ್ನಡವನ್ನು ತಪ್ಪಿಸಿದ ವಿಚಿತ್ರಕ್ಕೆ ದಿಲ್ಲಿಯವರು ಬಂದು ತೀರ್ಪು ಹೇಳಬೇಕಾಯಿತು. ಆ ಹೊತ್ತಿಗೆ ಒಂದು ತಲೆಮಾರೇ ಬೆಳೆದು ಮುಗಿದಿತ್ತು. ನಟರ, ತಂತ್ರಜ್ಞರ ಹೊಟ್ಟೆಪಾಡಿನ ವಾದ ಸುಳ್ಳಲ್ಲ. ಆದರೆ ಮಾತಾಡುವ ಇಲಿಗೂ ಹಾರುವ ಆನೆಗೂ ಕನ್ನಡದ ದನಿ ಕೊಟ್ಟರೆ ಯಾವ ನಾಯಕನಟನ ಅನ್ನ ಕಡಿಮೆಯಾಗುತ್ತಿತ್ತು?

‘ನಮ್ಮದು ಸಣ್ಣ ಮಾರುಕಟ್ಟೆ, ಆಗದ ಮಾತು’ ಎಂಬುದು ಕೊನೆಯ ಸಬೂಬು. ಪೋಲೆಂಡಿನ ಜನಸಂಖ್ಯೆ ನಾಲ್ಕು ಕೋಟಿಗೂ ಕಡಿಮೆ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ೪.೩೭ ಕೋಟಿ. ೧೯೯೪ರಲ್ಲಿ ವಾರ್ಸಾದಲ್ಲಿ ಇಬ್ಬರು ಗೆಳೆಯರು ಸೀಡಿ ಪ್ರೊಯೆಕ್ಟ್ ಎಂಬ ಸಂಸ್ಥೆಯನ್ನು ತೆರೆದು ಪರದೇಶದ ಗೇಮುಗಳನ್ನು ಮಾರತೊಡಗಿದರು. ೧೯೯೯ರಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ದೊಡ್ಡ ಆಟವನ್ನು ಇಡಿಯಾಗಿ ಪೋಲಿಷ್ ಭಾಷೆಗೆ ತಂದರು. ತಮ್ಮ ನಾಡಿನ ಹೆಸರಾಂತ ನಟರಿಂದ ದನಿ ಕೊಡಿಸಿದರು. ಜನ ಮುಗಿಬಿದ್ದು ಕೊಂಡರು. ಆ ಧೈರ್ಯದ ಮೇಲೆ ತಮ್ಮದೇ ಭಾಷೆಯ ಲೇಖಕ ಸಪ್ಕೋವ್‌ಸ್ಕಿಯ ಕಥೆಗಳನ್ನು ಹಿಡಿದು ೨೦೦೭ರಲ್ಲಿ ‘ವಿಚ್ಚರ್’ ಎಂಬ ಆಟವನ್ನು ಕಟ್ಟಿದರು. ಇಂದು ಪ್ರಪಂಚವೆಲ್ಲ ಆ ಸರಣಿಯನ್ನು ಆಡುತ್ತದೆ; ಆಡಿದವರು ಹುಡುಕಿಕೊಂಡು ಹೋಗಿ ಪೋಲಿಷ್ ಕಥೆಗಾರನನ್ನು ಓದುತ್ತಾರೆ. ಮೊದಲು ಅನುವಾದ, ಆಮೇಲೆ ಸ್ವಂತ ಕೃತಿ: ನಮ್ಮ ನವೋದಯದವರು ಇಂಗ್ಲಿಷಿನ ಗೀತಗಳನ್ನು ಕನ್ನಡಕ್ಕೆ ತಂದು ತಮ್ಮ ಕಾವ್ಯವನ್ನು ಬೆಳೆಸಿದ ದಾರಿಯೂ ಇದೇ ಅಲ್ಲವೆ? ಇನ್ನು ಹಣದ ಮಾತು. ಇಪ್ಪತ್ತು ಲಕ್ಷಕ್ಕೂ ಕಡಿಮೆ ಜನರಿರುವ ಲಾಟ್ವಿಯಾ ದೇಶದ ಒಬ್ಬ ತರುಣ, ಪುಕ್ಕಟೆ ಸಿಗುವ ಬ್ಲೆಂಡರ್ ಎಂಬ ತಂತ್ರಾಂಶದಿಂದ ಒಂದು ಬೆಕ್ಕಿನ ಕಥೆಯನ್ನು ಮಾಡಿ, ೨೦೨೫ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಹಾಲಿವುಡ್ಡಿನ ಶ್ರೀಮಂತರ ಕಣ್ಣೆದುರಿಗೇ ಮನೆಗೆ ಕೊಂಡೊಯ್ದ. ‘ಫ್ಲೋ’ ಎಂಬ ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಆದರೆ ಬಡತನದ ಸಬೂಬಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.

ನಮ್ಮಲ್ಲಿ ಕೆಲಸ ಮಾಡುವವರೇ ಇಲ್ಲವೆಂದಲ್ಲ. ‘ಮೈನ್‌ಕ್ರಾಫ್ಟ್’ ಎಂಬ ಆಟದ ಕಂಪ್ಯೂಟರ್ ಆವೃತ್ತಿಯೊಂದರಲ್ಲಿ ಕನ್ನಡವೂ ಇದೆ. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಕುಳಿತು ಪದಪದವನ್ನೂ ತಂದವರು ಸ್ವಯಂಸೇವಕರು. ಅವರು ಮಾಡಿದ ಪದಗಳು ಸರಿಯೇ, ತಪ್ಪೇ, ಇನ್ನೂ ಚೆನ್ನಾದ ದೇಸಿಪದ ಇತ್ತೇ ಎಂದು ಹೇಳುವವರು ಬೇಕು. ಭಾರತೀಯ ಭಾಷಾ ಸಂಸ್ಥಾನ ಇರುವುದು ಈ ಊರಿನಲ್ಲಿ. ಕನ್ನಡ ವಿಶ್ವಕೋಶವನ್ನು ಹೊರತಂದ ವಿಶ್ವವಿದ್ಯಾನಿಲಯ ಇರುವುದು ಈ ಊರಿನಲ್ಲಿ. ಪಾರಿಭಾಷಿಕ ಪದಗಳನ್ನು ಟಂಕಿಸುವ ಪಂಡಿತರಿಗೆ ಇಲ್ಲಿ ಕೊರತೆಯಿಲ್ಲ. ವಾರಕ್ಕೊಮ್ಮೆ ಕವನಸಂಕಲನಗಳನ್ನು ವಿಮರ್ಶಿಸುವ ಇಂಥ ಪುರವಣಿಗಳಲ್ಲಿ ತಿಂಗಳಿಗೊಂದು ಗೇಮನ್ನು, ಒಂದು ಕಾರ್ಟೂನನ್ನು ಪ್ರಾಮಾಣಿಕವಾಗಿ ಆಡಿ, ನೋಡಿ ಬರೆದರೆ ಸರಸ್ವತಿಗೆ ಮೈಲಿಗೆಯಾಗದು. ಬೆಲೆ, ಬಣ್ಣ, ಬ್ಯಾಟರಿಗಳ ಪಟ್ಟಿಯನ್ನೇ ತಂತ್ರಜ್ಞಾನದ ಸುದ್ದಿಯೆಂದು ಉಣಬಡಿಸುವ ಅಂಕಣಗಳಿಗೂ ಆಗ ಸ್ವಲ್ಪ ನಾಚಿಕೆ ಬಂದೀತು.

೧೯೩೫ರಲ್ಲಿ ಇದೇ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿಯೇ ಒಂದು ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಆಗಲೂ ಅದನ್ನು ಆಟಿಕೆಯೆಂದು ನಕ್ಕವರು ಇದ್ದಿರಬೇಕು. ಆ ಪರದೇಶದ ಯಂತ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಇಲ್ಲಿ. ಮುಂದೆ ಅದು ಇಡೀ ಭಾರತದ ರೇಡಿಯೋದ ಹೆಸರಾಯಿತು. ಯಂತ್ರ ಎಲ್ಲಿಯದಾದರೇನು, ಅದರಲ್ಲಿ ನಮ್ಮ ಮಾತು ಕೇಳಬೇಕೆಂದು ಆ ಹಿರಿಯರು ಹಂಬಲಿಸಿದರು. ಹಂಬಲಿಸಿ ಕೆಲಸಕ್ಕೆ ಕೈಹಾಕಿದರು. ಅವರಿಗೂ ಯಂತ್ರದ ವಿಷಯದಲ್ಲಿ ಅಭಿಪ್ರಾಯಗಳು ಇದ್ದುವು. ಆದರೆ ಅಭಿಪ್ರಾಯ ಹೇಳಿ ಕಾಫಿಗೆ ಹೋಗಲಿಲ್ಲ.

ನಾಳೆ ಬೆಳಿಗ್ಗೆ ಕೆರೆಯೇರಿಯ ಮೇಲೆ ಗೇಮಿನ ಮಾತು ಬಂದಾಗ ನಾನು ಒಂದೇ ಒಂದು ಪ್ರಶ್ನೆ ಕೇಳುವವನಿದ್ದೇನೆ: ‘ಸ್ವಾಮಿ, ತಾವು ಮೊಮ್ಮಗನ ಪಕ್ಕದಲ್ಲಿ ಕುಳಿತು ಅದನ್ನು ಒಂದು ಸಲವಾದರೂ ನೋಡಿದಿರಾ? ಅವನು ಅದರ ಕಥೆಯನ್ನು ತಮಗೆ ಯಾವ ಭಾಷೆಯಲ್ಲಿ ಹೇಳಿದ?’